ಅಕ್ಕ ಬಿಚ್ಚಿ ಜೋಡಿಸಿದ ಕ್ಲಚ್

ಸುಂಕಸಾಳದಲ್ಲಿ ಹೆದ್ದಾರಿ ಬಿಟ್ಟು ಒಳಗೆ ತಿರುಗಿದರೆ ನನ್ನ ಶಾಲೆಗೆ ಇನ್ನೂ ಏಳು ಕಿಲೋಮೀಟರ್. ಅರ್ಧ ದಾರಿ ಡಾಂಬರು, ಉಳಿದದ್ದು ಮಣ್ಣು, ಕೊನೆಯಲ್ಲಿ ಒಂದು ಕಡಿದಾದ ಏರು. ಹದಿನಾಲ್ಕು ಮಕ್ಕಳ ಆ ಶಾಲೆಗೆ ನಾನೊಬ್ಬನೇ ಮಾಸ್ತರ. ಬಿಸಿಯೂಟ ಮಾಡುವವರು ಬಂದು ಒಲೆ ಹಚ್ಚಿಯಾರು, ಆದರೆ ನಾನು ಹೋಗದ ದಿನ ಪಾಠವಿಲ್ಲ. ಆ ದಾರಿಗೆ ಬಸ್ಸು ಬರುವುದಿಲ್ಲ. ಅಂಕೋಲೆಯ ಮನೆಯಿಂದ ದಿನವೂ ನನ್ನನ್ನು ಹೊತ್ತೊಯ್ಯುವ ಹನ್ನೊಂದು ವರ್ಷ ಹಳೆಯ ಮೋಟಾರ್ ಸೈಕಲ್ಲನ್ನೇ ಆ ಶಾಲೆ ನಂಬಿಕೊಂಡಿತ್ತು.

ಚೌತಿ ರಜೆಗೆ ಎರಡು ದಿನ ಇರುವಾಗ ಆ ಏರಿನಲ್ಲಿ ಗಾಡಿ ಕೈಕೊಟ್ಟಿತು. ಎಕ್ಸಿಲೇಟರ್ ತಿರುವಿದರೆ ಇಂಜಿನ್ ಜೋರಾಗಿ ಕೂಗುತ್ತದೆ, ಚಕ್ರ ಮಾತ್ರ ಸೋಮಾರಿಯಂತೆ ತೆವಳುತ್ತದೆ. ಒಂಥರಾ ಸುಟ್ಟ ವಾಸನೆ ಬೇರೆ. ಕೊನೆಗೆ ಇಳಿದು, ಮೊದಲನೇ ಗೇರಿನಲ್ಲಿ ಗಾಡಿಯನ್ನು ಎಮ್ಮೆ ನಡೆಸಿದ ಹಾಗೆ ನಡೆಸಿಕೊಂಡು ಶಾಲೆ ಮುಟ್ಟಿದೆ. ಸಂಜೆ ಅಂಕೋಲೆಯ ನನ್ನ ಪರಿಚಯದ ಮೆಕ್ಯಾನಿಕ್ ಗಾಡಿಯ ಮೇಲೆ ಕೂತು ಹತ್ತು ಮಾರು ಓಡಿಸಿ ನೋಡಿ, "ಕ್ಲಚ್ ಪ್ಲೇಟ್ ಪೂರಾ ಸವ್ದಿದೆ ಸರ್. ಚೌತಿ ಮುಗಿಸ್ಕಂಡು ಬನ್ನಿ, ನಾ ಊರಿಗೆ ಹೋತೆ" ಎಂದ. ಅವನು ಬರುವುದು ಹಬ್ಬದ ವಾರ ಕಳೆದು ಅದರ ಮುಂದಿನ ವಾರದ ನಡುವೆ. ನನ್ನ ಶಾಲೆ ತೆರೆಯುವುದು ಆ ವಾರದ ಸೋಮವಾರವೇ.

ಹಣಕೋಣದಲ್ಲಿ ನನ್ನ ಅಕ್ಕನ ಮನೆ. ಅಲ್ಲಿ ಐದು ದಿನದ ಗಣಪತಿ. ವಿಸರ್ಜನೆ ಮುಗಿದ ಮರುದಿನ, ಶನಿವಾರ, ನಾನು ಪ್ರತಿ ವರ್ಷ ಊಟಕ್ಕೆ ಹೋಗುವುದು ರೂಢಿ. ಕಾರವಾರದಲ್ಲಿ ಯಾವುದಾದರೂ ಗ್ಯಾರೇಜು ತೆರೆದಿದ್ದರೆ ಅಲ್ಲೇ ಕೆಲಸ ಮಾಡಿಸಿಕೊಳ್ಳೋಣ ಎಂದು ನಿಧಾನಕ್ಕೆ ಹೊರಟೆ. ಸಪಾಟು ರಸ್ತೆಯಲ್ಲಿ ಗಾಡಿ ಹೇಗೋ ಬಂತು, ಬಿಣಗಾದ ಏರಿನಲ್ಲಿ ಲಾರಿಯವರೆಲ್ಲ ಹಾರ್ನ್ ಹೊಡೆದು ನನ್ನನ್ನು ಬದಿಗೆ ಸರಿಸಿದರು. ಕಾರವಾರದಲ್ಲಿ ನಾಲ್ಕು ಗ್ಯಾರೇಜಿನ ಬಾಗಿಲು ನೋಡಿದೆ. ನಾಲ್ಕೂ ಮುಚ್ಚಿದ್ದವು. ಬಿಡಿಭಾಗಗಳ ಒಂದು ಅಂಗಡಿ ಮಾತ್ರ ಅರ್ಧ ಶಟರ್ ಎತ್ತಿಕೊಂಡಿತ್ತು. ಅಲ್ಲಿ ಕ್ಲಚ್ ಪ್ಲೇಟ್‌ಗಳ ಒಂದು ಸೆಟ್ಟು, ಹೊಸ ಸ್ಪ್ರಿಂಗು, ಒಂದು ಬಾಟಲಿ ಇಂಜಿನ್ ಆಯಿಲ್ ತೆಗೆದುಕೊಂಡೆ. ಹಾಕುವವರು ಯಾರು ಎಂಬುದು ಗೊತ್ತಿರಲಿಲ್ಲ. ಕೈಯಲ್ಲಿ ಸಾಮಾನಿದ್ದರೆ ಒಂದು ಧೈರ್ಯ, ಅಷ್ಟೆ.

ಅಕ್ಕ ನನಗಿಂತ ಆರು ವರ್ಷ ದೊಡ್ಡವಳು. ದರ್ಜಿ ಕೆಲಸ ಮಾಡುತ್ತಾಳೆ. ಮನೆಯ ಜಗಲಿಯಲ್ಲೇ ಹೊಲಿಗೆ ಮಷಿನ್ನು, ಅದರ ಪಕ್ಕದಲ್ಲಿ ಬಟ್ಟೆ ಕತ್ತರಿಸುವ ಉದ್ದನೆಯ ಮೇಜು. ಸುತ್ತಲಿನ ನಾಲ್ಕೂರಿನ ಹೆಂಗಸರ ರವಿಕೆ, ಶಾಲೆ ಮಕ್ಕಳ ಸಮವಸ್ತ್ರ ಅವಳ ಕೈಯಲ್ಲೇ ಆಗುವುದು. ಅದಕ್ಕಿಂತ ಹೆಚ್ಚಾಗಿ, ಯಾರ ಮನೆಯ ಹೊಲಿಗೆ ಮಷಿನ್ ಕೆಟ್ಟರೂ ಅದು ರಿಕ್ಷಾದಲ್ಲಿ ಕೂತು ಅವಳ ಜಗಲಿಗೆ ಬರುತ್ತದೆ. ಭಾವ ಮಲ್ಲಾಪುರದ ಕಾಲನಿಯಲ್ಲಿ ಗುತ್ತಿಗೆಯ ಮೇಲೆ ತೋಟದ ಕೆಲಸ ಮಾಡುತ್ತಾರೆ. ಹುಲ್ಲು ಕತ್ತರಿಸುವ ಯಂತ್ರ ಹಟ ಹಿಡಿದ ದಿನ ಅವರು ಹೆಂಡತಿಗೆ ಫೋನ್ ಮಾಡಿ ಕೇಳುವುದನ್ನು ನಾನೇ ಕೇಳಿದ್ದೇನೆ.

ನಾನು ಅಂಗಳಕ್ಕೆ ಬಂದಾಗ ಅಕ್ಕ ಬಾಗಿಲಲ್ಲೇ ನಿಂತಿದ್ದಳು.

"ಎಂತಾಯ್ತಾ ತಮಾ ಗಾಡಿಗೆ? ಕೂಗೂದು ಆವಾಗಿಂದ ಕೇಳ್ತೇ ಅದೆ, ನೀ ಬರೂದು ಮಾತ್ರ ಕಾಣ್ಲೇ ಇಲ್ಲ."

ನಾನು ಮೆಕ್ಯಾನಿಕ್ ಹೇಳಿದ್ದನ್ನು ಹೇಳಿದೆ. ಊಟದ ಎಲೆಯ ಮುಂದೆ ಕೂತಾಗಲೂ ಅವಳು ಪಾಯಸ ಬಡಿಸುತ್ತ ಕೇಳಿದ್ದು ಅದನ್ನೇ.

"ಕ್ಲಚ್ ಅಂದ್ರೆ ಎಂತ ಮಾಡೂದು ಅದು? ಸರಿಯಾಗಿ ಹೇಳು."

ನನಗೆ ಗೊತ್ತಿದ್ದಷ್ಟು ಹೇಳಿದೆ. ಇಂಜಿನ್ ಒಂದು ಕಡೆ ತಿರುಗುತ್ತಿರುತ್ತದೆ, ಚಕ್ರ ಇನ್ನೊಂದು ಕಡೆ. ನಡುವೆ ಬಿಲ್ಲೆಗಳಿವೆ. ಅವು ಒಂದಕ್ಕೊಂದು ಒತ್ತಿಕೊಂಡರೆ ಇಂಜಿನ್ನಿನ ತಿರುಗಾಟ ಚಕ್ರಕ್ಕೆ ಹೋಗುತ್ತದೆ. ಹ್ಯಾಂಡಲಿನ ಲಿವರ್ ಹಿಡಿದರೆ ಬಿಲ್ಲೆಗಳು ಬಿಟ್ಟುಕೊಳ್ಳುತ್ತವೆ. ಅವು ಸವೆದರೆ ಹಿಡಿತವಿಲ್ಲದೆ ಜಾರುತ್ತವೆ.

ಅಕ್ಕ ಪಾಯಸದ ಪಾತ್ರೆ ಒಳಗಿಟ್ಟು ಬಂದಳು. ಆಮೇಲೆ ಊಟ ಮುಗಿಸಿ ಕೈ ತೊಳೆದ ನನ್ನನ್ನು ಜಗಲಿಗೆ ಕರೆದು ತನ್ನ ಮಷಿನ್ನಿನ ಬಲಗಡೆಯ ಗಾಲಿಯನ್ನು ತೋರಿಸಿದಳು. ಗಾಲಿಯ ನಡುವೆ ಒಂದು ದೊಡ್ಡ ತಿರುಪು ಇರುತ್ತದಲ್ಲ, ಅದನ್ನು ಸಡಿಲಿಸಿ ಪೆಡಲ್ ತುಳಿದಳು. ಗಾಲಿ ಗಿರಗಿರ ತಿರುಗಿತು. ಸೂಜಿ ಅಲ್ಲಾಡಲಿಲ್ಲ.

"ಬಾಬಿನ್‌ಗೆ ನೂಲು ಸುತ್ತುವಾಗ ಹಿಂಗೆ ಮಾಡೂದು. ಗಾಲಿ ತಿರುಗ್ಬೇಕು, ಸೂಜಿ ಕುಣೀಬಾರ್ದು." ತಿರುಪು ಬಿಗಿ ಮಾಡಿ ಮತ್ತೆ ತುಳಿದಳು. ಸೂಜಿ ಟಕಟಕ ಎಂದಿತು. "ಇದ್ರೊಳಗೂ ಒಂದು ಬಿಲ್ಲೆ ಅದೆ. ಒತ್ತಿದ್ರೆ ಹಿಡೀತದೆ, ಬಿಟ್ರೆ ಬಿಡ್ತದೆ. ನಿಂದೂ ಇದೇ ಅಲ್ದನಾ?"

ಹದಿನೆಂಟು ವರ್ಷ ಮೋಟಾರ್ ಸೈಕಲ್ ಓಡಿಸಿದ ನನಗೆ ಕ್ಲಚ್ ಎಂದರೆ ಏನೆಂದು ನಿಜವಾಗಿ ತಿಳಿದದ್ದು ಆ ಜಗಲಿಯಲ್ಲಿ.

"ಹೌದು, ಇದೇ" ಎಂದೆ.

"ಹಂಗಾದ್ರೆ ಬಿಚ್ವಾ."

ಭಾವ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದವರು ನಕ್ಕರು. ನನಗೆ ನಗು ಬರಲಿಲ್ಲ. ಮೆಕ್ಯಾನಿಕ್ಕುಗಳು ಇಂಜಿನ್ ಬಿಚ್ಚುವಾಗ ನೆಲದ ಮೇಲೆ ಹರಡುವ ಸಾಮಾನುಗಳನ್ನು ನೆನೆಸಿಕೊಂಡೆ.

"ಅಕ್ಕಾ, ಬಿಚ್ಚಿ ಜೋಡಿಸೂಕಾಗದಿದ್ರೆ? ಈಗ ಕುಂಟ್ತಾ ಆದ್ರೂ ಓಡ್ತದೆ."

"ಜೋಡಿಸೂಕಾಗುವಷ್ಟೇ ಬಿಚ್ತೆ. ಗೊತ್ತಾಗದ ಜಾಗ ಬಂದ್ರೆ ಅಲ್ಲೇ ನಿಲ್ಸಿ ಮುಚ್ಚೂದು."

ಅವಳು ಅದನ್ನು ಹೇಳಿದ ರೀತಿಯಲ್ಲಿ ಜಂಬವಿರಲಿಲ್ಲ, ಭಂಡ ಧೈರ್ಯವೂ ಇರಲಿಲ್ಲ. ರವಿಕೆಯ ಅಳತೆ ಹೇಳುವಾಗಿನ ಧ್ವನಿ ಅದು.

ಮಳೆ ಬಿಟ್ಟು ಬಿಟ್ಟು ಬರುತ್ತಿತ್ತು. ಭಾವ ಮತ್ತು ನಾನು ಹಲಗೆಯ ಮೇಲಿಂದ ಗಾಡಿಯನ್ನು ಜಗಲಿಗೆ ಏರಿಸಿ ಸ್ಟ್ಯಾಂಡ್ ಹಾಕಿದೆವು. ಭಾವ ಛತ್ರಿ ಹಿಡಿದು ಹೋಗಿ ಯಾರದೋ ಮನೆಯಿಂದ ಬೋಲ್ಟ್ ಬಿಚ್ಚುವ ಪಾನಾಗಳ ಒಂದು ಚೀಲ ತಂದರು. ಅಕ್ಕ ನೆಲಕ್ಕೆ ಹಳೆಯ ಬಿಳಿ ಪಂಚೆ ಹಾಸಿದಳು. ಬಿಳಿಯೇ ಯಾಕೆ ಎಂದು ಕೇಳಿದ್ದಕ್ಕೆ, ಸಣ್ಣ ಸಾಮಾನು ಬಿದ್ದರೆ ಕಾಣಬೇಕು ಎಂದಳು. ಅಡಿಯ ಬೋಲ್ಟ್ ತೆಗೆದು ಹಳೆಯ ಆಯಿಲ್ಲನ್ನು ಬೋಗುಣಿಗೆ ಇಳಿಸಿದೆವು. ಕಪ್ಪಗೆ ಇಳಿದ ಎಣ್ಣೆಯಲ್ಲಿ ಬೆರಳು ಅದ್ದಿ, ಹೆಬ್ಬೆರಳಿಗೆ ಉಜ್ಜಿ ನೋಡಿದಳು. ಸಣ್ಣ ಸಣ್ಣ ಕಂದು ಚೂರುಗಳು ಹತ್ತಿದವು. "ನಿನ್ನ ಬಿಲ್ಲೆ ಇಲ್ಲೇ ಅದೆ ನೋಡು" ಎಂದಳು.

ಹೊಸ ಪ್ಲೇಟ್‌ಗಳನ್ನು ಆಗಲೇ ಒಂದು ತಟ್ಟೆಯಲ್ಲಿ ಹೊಸ ಆಯಿಲ್ ಹಾಕಿ ನೆನೆಸಿಟ್ಟೆವು. ಅದು ಮಾತ್ರ ನನಗೆ ಗೊತ್ತಿದ್ದ ವಿಷಯ, ಅಂಗಡಿಯವನು ಹೇಳಿದ್ದ. ಉಳಿದದ್ದೆಲ್ಲ ಅಕ್ಕ ನೋಡಿ ನೋಡಿ ಕಂಡುಕೊಂಡದ್ದು.

ಇಂಜಿನ್ನಿನ ಬಲಬದಿಯ ಮುಚ್ಚಳಕ್ಕೆ ಹತ್ತಕ್ಕೂ ಹೆಚ್ಚು ಬೋಲ್ಟುಗಳು. ನಾನು ಕಿಕ್ಕರ್ ತೆಗೆದು, ಬೋಲ್ಟುಗಳನ್ನು ಬಿಚ್ಚಿ ಒಂದು ಡಬ್ಬಿಗೆ ಹಾಕಲು ಹೋದೆ. ಅಕ್ಕ ಕೈ ಹಿಡಿದಳು. ಒಂದು ರಟ್ಟಿನ ಮೇಲೆ ಮುಚ್ಚಳದ ಆಕಾರವನ್ನು ಸೀಮೆಸುಣ್ಣದಿಂದ ಬರೆದು, ಬೋಲ್ಟ್ ಇದ್ದ ಜಾಗದಲ್ಲೆಲ್ಲ ತೂತು ಮಾಡಿ, ಯಾವ ಬೋಲ್ಟ್ ಎಲ್ಲಿಂದ ಬಂತೋ ಆ ತೂತಿಗೇ ಚುಚ್ಚಿಸಿದಳು. ಆಗ ನೋಡಿದರೆ ಬೋಲ್ಟುಗಳೆಲ್ಲ ಒಂದೇ ಉದ್ದದವಲ್ಲ. ಎರಡು ಗಿಡ್ಡ, ಮೂರು ಉದ್ದ, ಉಳಿದವು ನಡುವಿನವು. ಡಬ್ಬಿಗೆ ಹಾಕಿದ್ದರೆ ನಾನು ಗಿಡ್ಡನೆಯ ತೂತಿಗೆ ಉದ್ದನೆಯದನ್ನು ತಿರುವಿ ಏನನ್ನಾದರೂ ಸೀಳುತ್ತಿದ್ದೆ, ಅನುಮಾನವೇ ಇಲ್ಲ.

ಮುಚ್ಚಳ ಸುಲಭಕ್ಕೆ ಬಿಡಲಿಲ್ಲ. ಅಂಚಿಗೆ ಮರದ ತುಂಡಿಟ್ಟು ಸುತ್ತಲೂ ಮೆಲ್ಲಗೆ ತಟ್ಟಿದ ಮೇಲೆ ಪಟ್ಟನೆ ಕಿತ್ತುಕೊಂಡು ಬಂತು. ಬರುವಾಗ ನಡುವಿನ ಕಾಗದದ ಗ್ಯಾಸ್ಕೆಟ್ ಹರಿದು ಮೂರು ತುಂಡಾಯಿತು. ಆ ಗ್ಯಾಸ್ಕೆಟ್ ಇಲ್ಲದಿದ್ದರೆ ಸಂದಿಯಿಂದ ಎಣ್ಣೆಯೆಲ್ಲ ಸೋರುತ್ತದೆ. ಅದೊಂದನ್ನು ತರಲು ನನಗೆ ಹೊಳೆದಿರಲಿಲ್ಲ. ಅಂಗಡಿಯವನೂ ಮಧ್ಯಾಹ್ನಕ್ಕೇ ಮುಚ್ಚುತ್ತೇನೆ ಎಂದಿದ್ದ, ಇನ್ನು ತೆರೆಯುವುದು ಮಂಗಳವಾರ.

"ನಿಲ್ಲು, ಹೆದ್ರೂದು ಬೇಡ. ಒಳಗಿಂದು ಮೊದ್ಲು ನೋಡ್ವಾ" ಎಂದು ಅಕ್ಕ ತುಂಡುಗಳನ್ನು ಜೋಪಾನವಾಗಿ ಎತ್ತಿ ಮೇಜಿನ ಮೇಲೆ, ಇದ್ದ ಆಕಾರದಲ್ಲೇ ಜೋಡಿಸಿಟ್ಟಳು.

ಸ್ಪ್ರಿಂಗುಗಳ ಬೋಲ್ಟನ್ನು ಒಂದೊಂದಾಗಿ ಪೂರ್ತಿ ತೆಗೆಯದೆ, ಎದುರುಬದುರು ಸ್ವಲ್ಪ ಸ್ವಲ್ಪವೇ ಸಡಿಲಿಸಿದಳು. ಮೇಲಿನ ತಟ್ಟೆ ಕಳಚಿತು. ಅದರ ಹಿಂದೆ ಬಿಲ್ಲೆಗಳು, ಒಂದು ಕಂದು, ಒಂದು ಉಕ್ಕು, ಮತ್ತೆ ಒಂದು ಕಂದು. ಅವಳು ಒಂದೊಂದನ್ನೇ ಎಳೆದು ಬಂದ ಕ್ರಮದಲ್ಲೇ ಎಡದಿಂದ ಬಲಕ್ಕೆ ಪಂಚೆಯ ಮೇಲೆ ಇಟ್ಟಳು. ಹಳೆಯ ಕಂದು ಬಿಲ್ಲೆಗಳು ಮೈ ನುಣ್ಣಗಾಗಿ, ಹೊಸದರ ಮುಂದೆ ಹಿಡಿದರೆ ಅರ್ಧ ದಪ್ಪಕ್ಕೆ ಬಂದಿದ್ದವು. ಉಕ್ಕಿನ ಬಿಲ್ಲೆಗಳಲ್ಲಿ ಒಂದರ ಮೇಲೆ ನೀಲಿ ಕಲೆಯಿತ್ತು. ಕಾದು ಸೊಟ್ಟಗಾಗಿರಬಹುದೇ ಎಂದು ಅದನ್ನು ಕನ್ನಡಿಯ ಮೇಲೆ ಮಲಗಿಸಿ, ಅಡಿಯಲ್ಲಿ ತೆಳು ಕಾಗದ ತೂರಿಸಿ ನೋಡಿದಳು. ಕಾಗದ ಎಲ್ಲೂ ತೂರಲಿಲ್ಲ. "ಇದು ಇರ್ಲಿ" ಎಂದಳು.

ಅಷ್ಟಾಗುವಾಗ ಮಳೆ ಜೋರಾಗಿ, ಕರೆಂಟ್ ಹೋಗಿ, ಜಗಲಿಯಲ್ಲಿ ಏನೂ ಕಾಣದಾಯಿತು. ಕಾಣದೆ ಮುಟ್ಟುವುದು ಬೇಡ ಎಂದು ಅಕ್ಕ ಎಲ್ಲದರ ಮೇಲೂ ಇನ್ನೊಂದು ಬಟ್ಟೆ ಹೊದಿಸಿ ಎದ್ದಳು.

ಭಾನುವಾರ ಬೆಳಿಗ್ಗೆ ಚಾ ಕುಡಿದು ಮುಗಿಸುವುದರೊಳಗೆ ಅವಳು ಮುಚ್ಚಳದ ಅಂಚಿಗೆ ಅಂಟಿದ್ದ ಹಳೆಯ ಕಾಗದವನ್ನು ಕೆರೆಯುತ್ತ ಕೂತಿದ್ದಳು. ಕಬ್ಬಿಣದ ಬ್ಲೇಡು ಗೀರು ಮಾಡುತ್ತದೆಂದು ಬಿದಿರಿನ ಸೀಳು ಚೂಪು ಮಾಡಿಕೊಂಡಿದ್ದಳು. ನಾನು ಪಕ್ಕದಲ್ಲಿ ಕೂತೆ. ಅವಳ ಬೆರಳುಗಳನ್ನೇ ನೋಡುತ್ತಿದ್ದವನಿಗೆ ಏನೋ ಕೇಳಬೇಕೆನಿಸಿತು.

"ಅಕ್ಕಾ, ನೀನು ಐಟಿಐಗೆ ಹೋಗ್ತೆ ಅಂದಿದ್ದೆ ಅಲ್ದಾ, ಹತ್ತನೇ ಆದ್ಮೇಲೆ?"

"ಹ್ಞೂಂ. ಫಿಟ್ಟರ್ ಮಾಡ್ತೆ ಅಂದಿದ್ದೆ. ಕಾರವಾರಕ್ಕೆ ಹೋಗಿ ಫಾರ್ಮೂ ತಂದಿದ್ದೆ. ಅಪ್ಪ ಬೇಡ ಅಂದ. ಹೆಣ್ಮಕ್ಕಳು ಕಬ್ಬಿಣದ ಜೊತೆ ಎಂತ ಮಾಡ್ತಾರೆ ಅಂದ."

ಆಗ ನಾನು ನಾಲ್ಕನೆಯ ತರಗತಿಯಲ್ಲಿದ್ದೆ. ಅವಳು ಎರಡು ದಿನ ಉಣ್ಣದೆ ಕೂತದ್ದು ಮಸುಕಾಗಿ ನೆನಪಿದೆ. ಯಾಕೆಂದು ಆಗ ಕೇಳಿರಲಿಲ್ಲ. ಅಪ್ಪ ಕೂಲಿ ಮಾಡಿಯೇ ಅವಳಿಗೆ ಹೊಲಿಗೆ ಮಷಿನ್ ತಂದುಕೊಟ್ಟ. ಎಂಟು ವರ್ಷದ ಮೇಲೆ ನಾನು ಮಾಸ್ತರಿಕೆಯ ತರಬೇತಿಗೆ ಸೇರುತ್ತೇನೆಂದಾಗ ಮನೆಯಲ್ಲಿ ಒಂದು ಮಾತೂ ಎದ್ದಿರಲಿಲ್ಲ.

"ನಿಂಗೆ ಬೇಜಾರಾಗ್ಲಿಲ್ವಾ?"

"ಆಯ್ತು. ಎಂತಕೆ ಆಗೂದಿಲ್ಲ?" ಅವಳು ಕೆರೆಯುವುದನ್ನು ನಿಲ್ಲಿಸಲಿಲ್ಲ. "ಮಷಿನ್ ಬಂದ ವಾರವೇ ಅದ್ನ ಪೂರ್ತಿ ಬಿಚ್ಚಿದ್ದೆ. ಅಪ್ಪ ಬೈದ. ಸಂಜೆ ಒಳಗೆ ಜೋಡ್ಸಿ, ಅಪ್ಪನ ಅಂಗಿಗೆ ಗುಂಡಿ ಪಟ್ಟಿ ಹೊಲ್ದು ಕೊಟ್ಟೆ. ನಂಗೆ ಬೇಕಾದ್ದು ಕಬ್ಬಿಣ. ಅಪ್ಪ ಕೊಟ್ಟದ್ದೂ ಕಬ್ಬಿಣವೇ ಅಲ್ದನಾ? ಅವಂಗೆ ಅದು ಗೊತ್ತಾಗ್ಲಿಲ್ಲ."

ಹೇಳಿ ನಕ್ಕಳು. ನಾನು ಬಿದಿರಿನ ಇನ್ನೊಂದು ಸೀಳು ತೆಗೆದುಕೊಂಡು ಮುಚ್ಚಳದ ಇನ್ನೊಂದು ತುದಿ ಕೆರೆಯತೊಡಗಿದೆ.

ಗ್ಯಾಸ್ಕೆಟ್ ಮಾಡಿದ್ದು ನೋಡುವ ಹಾಗಿತ್ತು. ಮನೆಯಲ್ಲಿದ್ದ ದಪ್ಪ ಕಾಗದಗಳನ್ನೆಲ್ಲ ಮೇಜಿನ ಮೇಲೆ ಹಾಕಿದಳು. ಬಟ್ಟೆಯ ಅಳತೆ ಬರೆಯುವ ಕಂದು ಕಾಗದ, ಲಗ್ನಪತ್ರಿಕೆ, ಸೀರೆ ಡಬ್ಬದ ರಟ್ಟು, ನನ್ನ ಚೀಲದಲ್ಲಿದ್ದ ಶಾಲೆಯ ಫೈಲಿನ ಹೊದಿಕೆ. ಹಳೆಯ ಗ್ಯಾಸ್ಕೆಟ್ಟಿನ ಒಂದು ತುಂಡನ್ನು ಎಡಗೈಯ ಎರಡು ಬೆರಳ ನಡುವೆ, ಈ ಕಾಗದಗಳನ್ನು ಒಂದೊಂದಾಗಿ ಬಲಗೈಯ ಬೆರಳ ನಡುವೆ ಹಿಡಿದು, ಕಣ್ಣು ಮುಚ್ಚಿ ಸವರಿದಳು. ಅರಿವೆ ಅಂಗಡಿಯಲ್ಲಿ ಲೈನಿಂಗ್ ಬಟ್ಟೆ ಆರಿಸುವಾಗ ಹೀಗೆಯೇ ಮಾಡುವುದನ್ನು ನಾನು ನೋಡಿದ್ದೆ. ಕೊನೆಗೆ ನನ್ನ ಫೈಲನ್ನು ಎತ್ತಿಕೊಂಡಳು.

"ಇದೇ ದಪ್ಪ. ಇದ್ರಲ್ಲಿ ಎಂತಾರೂ ಮುಖ್ಯದ್ದು ಅದ್ಯಾ?"

"ಮಕ್ಕಳ ಹಾಜರಿ ವರದಿ. ಬೇರೆ ಫೈಲಿಗೆ ಹಾಕ್ತೆ."

ಮುಚ್ಚಳದ ಅಂಚಿಗೆ ತೆಳ್ಳಗೆ ಎಣ್ಣೆ ಸವರಿ ಫೈಲಿನ ರಟ್ಟಿನ ಮೇಲೆ ಒತ್ತಿದಳು. ಅಚ್ಚು ಮೂಡಿತು. ಅದರ ಗುಂಟ ಕತ್ತರಿ ಆಡಿಸಿದಳು. ಹೊರಗಿನ ಅಂಚು ಸುಲಭ. ಒಳಗಿನ ಅಂಚು ಅಂಕುಡೊಂಕು, ಕೆಲವೆಡೆ ಬೆರಳಿನಷ್ಟೂ ಅಗಲವಿಲ್ಲ. ಕುತ್ತಿಗೆಯ ಕಟ್ಟು ಕತ್ತರಿಸುವಾಗ ಬಟ್ಟೆಯನ್ನು ತಿರುಗಿಸುವ ಹಾಗೆ ಅವಳು ಕತ್ತರಿಯನ್ನು ಒಂದೇ ಕಡೆ ಹಿಡಿದು ರಟ್ಟನ್ನೇ ತಿರುಗಿಸುತ್ತ ಹೋದಳು. ಬೋಲ್ಟಿನ ತೂತುಗಳನ್ನು ಗುಂಡಿಮನೆ ಮಾಡುವ ಉಳಿಯಿಂದ ಹೊಡೆದಳು. ಮುಗಿಸಿ, ಹರಿದ ಹಳೆಯದರ ಮೇಲೆ ಹೊಸದನ್ನು ಇಟ್ಟರೆ ಅಡಿಯದು ಎಲ್ಲಿಯೂ ಇಣುಕಲಿಲ್ಲ. ಎಲೆ ಅಡಿಕೆ ಅಗಿಯುತ್ತಿದ್ದ ಭಾವ ಅಗಿಯುವುದು ಬಿಟ್ಟು ನೋಡುತ್ತಿದ್ದರು.

ಎಣ್ಣೆಯಲ್ಲಿ ನೆನೆದ ಹೊಸ ಕಂದು ಬಿಲ್ಲೆಗಳನ್ನೂ, ಒರೆಸಿ ಅದೇ ತಟ್ಟೆಗೆ ಹಾಕಿದ್ದ ಹಳೆಯ ಉಕ್ಕಿನ ಬಿಲ್ಲೆಗಳನ್ನೂ ಒಂದೊಂದಾಗಿ ನಾನು ಕೊಟ್ಟೆ, ಅವಳು ಕೂರಿಸಿದಳು. ಕಂದು, ಉಕ್ಕು, ಕಂದು, ಉಕ್ಕು. ಮೇಲಿನ ತಟ್ಟೆ ಇಟ್ಟು ಸ್ಪ್ರಿಂಗ್ ಹಾಕಿದ್ದಾಯಿತು. ನನಗೆ ಮುಗಿಸುವ ಆತುರ. ಗ್ಯಾಸ್ಕೆಟ್ ಹಿಡಿದು ಮುಚ್ಚಳ ಎತ್ತಿಕೊಂಡಿದ್ದೆ. ಅಕ್ಕ ತಡೆದಳು.

"ಹಳೇದು ತೆಗ್ದಾಗ ಉಕ್ಕಿನದು ನಾಕು ಇತ್ತು. ನೀ ಕೊಟ್ಟದ್ದು ಎಷ್ಟು?"

"ನಾಕೇ ಇರ್ಬೇಕು. ತಟ್ಟೆ ಖಾಲಿ ಅದೆ."

"ನಾ ಕೂರ್ಸದ್ದು ಮೂರು. ಗುಂಡಿ ಎಣ್ಸೂ ಚಟ ನಂಗೆ, ತಪ್ಪೂದಿಲ್ಲ."

ಪುನಃ ಸ್ಪ್ರಿಂಗ್ ಬಿಚ್ಚಿದೆವು. ಬಿಲ್ಲೆಗಳನ್ನು ಹೊರತೆಗೆದೆವು. ಎರಡು ಉಕ್ಕಿನ ಬಿಲ್ಲೆಗಳು ಎಣ್ಣೆಯ ಜಿಡ್ಡಿಗೆ ಒಂದಕ್ಕೊಂದು ಅಂಟಿ, ಒಂದೇ ಎನ್ನುವ ಹಾಗೆ ನನ್ನ ಕೈಯಿಂದ ಹೋಗಿದ್ದವು. ಉಗುರು ತೂರಿಸಿ ಅವಳು ಅವನ್ನು ಬಿಡಿಸಿದಾಗ ನನ್ನ ಮುಖ ಬಿಸಿಯಾಯಿತು. ಎರಡನ್ನೂ ಬೇರೆ ಬೇರೆ ಇಟ್ಟು, ಮೊದಲಿನಿಂದ ಶುರು ಮಾಡಿದಳು. ಈ ಸಲ ಇಬ್ಬರೂ ಬಾಯಿಬಿಟ್ಟು ಎಣಿಸಿದೆವು.

ಮುಚ್ಚಳ ಮುಚ್ಚಿ, ರಟ್ಟಿನಿಂದ ಬೋಲ್ಟುಗಳನ್ನು ಕಿತ್ತು ಅವುಗಳ ಜಾಗಕ್ಕೇ ತಿರುವಿ, ಕಿಕ್ಕರ್ ಹಾಕಿ, ಹೊಸ ಆಯಿಲ್ ಹೊಯ್ದೆವು. ರಟ್ಟು ಬರಿದಾದಾಗ ಭಾವ "ಜಾಲೇಂ!" ಎಂದು ಚಪ್ಪಾಳೆ ತಟ್ಟಿದರು. ಅವರ ಮನೆಯ ಕೊಂಕಣಿಯಲ್ಲಿ ಮುಗಿಯಿತು ಎಂದು. ಮುಗಿದಿರಲಿಲ್ಲ. ಗಾಡಿಯನ್ನು ಅಂಗಳಕ್ಕಿಳಿಸಿ ಕಿಕ್ ಹೊಡೆದೆ, ಇಂಜಿನ್ ಹತ್ತಿತು. ಕ್ಲಚ್ ಹಿಡಿದು ಮೊದಲನೇ ಗೇರ್ ಹಾಕಿದೆನೋ ಇಲ್ಲವೋ, ಗಾಡಿ ಮುಂದಕ್ಕೆ ಜಿಗಿದು ಧಪ್ಪೆಂದು ನಿಂತಿತು. ಎರಡನೇ ಸಲವೂ ಹಾಗೆಯೇ. ಎಲ್ಲ ಪುನಃ ಬಿಚ್ಚಬೇಕು, ನಾಳೆ ಶಾಲೆ ಇಲ್ಲ ಎಂದೇ ತಿಳಿದೆ.

ಅಕ್ಕ ಗಾಡಿಯ ಹತ್ತಿರ ಬಂದು ಕೂತು, ನನಗೆ ಲಿವರ್ ಹಿಡಿಯಲು ಹೇಳಿ, ಅದರ ತಂತಿ ಇಂಜಿನ್ನಿಗೆ ಸೇರುವ ಜಾಗವನ್ನು ನೋಡಿದಳು. ಹಿಡಿ, ಬಿಡು, ಹಿಡಿ, ಬಿಡು. ಆರೇಳು ಸಲ.

"ನೀ ಪೂರ್ತಿ ಹಿಡಿದ್ರೂ ಇಲ್ಲಿ ಎಳ್ಯೂದು ಇಷ್ಟೇ ಇಷ್ಟು. ತಂತಿ ಸಡಿಲ ಅದೆ. ಹಳೇ ಬಿಲ್ಲೆ ಇದ್ದಾಗ ಯಾರೋ ಸಡಿಲ ಮಾಡಿಟ್ಟಿದಾರೆ. ಈಗ ದಪ್ಪದ್ದು ಬಂತಲ್ಲ, ಅಳತೆ ಬದ್ಲಾಗೂದೇ."

ಮೊದಮೊದಲು ಜಾರತೊಡಗಿದಾಗ ಲಿವರಿನ ಹತ್ತಿರದ ತಿರುಪನ್ನು ಸಡಿಲಿಸಿದವನು ನಾನೇ. ಅದನ್ನು ಹೇಳಲಿಲ್ಲ. ಅವಳು ಹೇಳಿದಷ್ಟು ಬಿಗಿ ಮಾಡಿದೆ. ಗೇರ್ ಹಾಕಿದೆ. ಗಾಡಿ ಅಲ್ಲಾಡದೆ ನಿಂತಿತು. ಲಿವರನ್ನು ಮೆಲ್ಲಗೆ ಬಿಟ್ಟರೆ ಮೆಲ್ಲಗೆ ಹೊರಟಿತು.

"ನಿಲ್ಲು, ನಾನೂ ಬತ್ತೆ" ಎಂದು ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ಹಿಂದೆ ಕೂತಳು. ಕಾಳಿ ನದಿಯ ಕಡೆಯಿಂದ ಮೇಲಕ್ಕೆ ಬರುವ ಒಂದು ಏರು ರಸ್ತೆ ಹತ್ತಿರದಲ್ಲೇ ಇದೆ. ಇಬ್ಬರ ಭಾರ ಹೊತ್ತು ಗಾಡಿ ಮೂರನೇ ಗೇರಿನಲ್ಲೇ ಅದನ್ನು ಹತ್ತಿತು. ಕನ್ನಡಿಯಲ್ಲಿ ನೋಡಿದರೆ ಅಕ್ಕ ದಾರಿಯುದ್ದಕ್ಕೂ ಬಲಕ್ಕೆ ಬಗ್ಗಿ ಕೂತಿದ್ದಳು. ಇಂಜಿನ್ನಿನ ಸದ್ದನ್ನು ಕೇಳುತ್ತಿದ್ದಾಳೆಂದು ಗೊತ್ತಾಯಿತು. ಮೇಲೆ ಮುಟ್ಟಿದ ಮೇಲೆ ನನ್ನ ಭುಜ ತಟ್ಟಿ, "ಈಗ ಸದ್ದೂ ಓಟವೂ ಒಟ್ಟಿಗೆ ಹೋಗ್ತದೆ" ಎಂದಳು. ಅವಳ ಕೈಯ ಎಣ್ಣೆಯ ಬೆರಳಚ್ಚು ನನ್ನ ಅಂಗಿಯ ಮೇಲೆ ಉಳಿಯಿತು. ಅದು ಪೂರ್ತಿ ಹೋಗಿಲ್ಲ, ನಾನು ಆ ಅಂಗಿಯನ್ನು ಹಾಕಿಕೊಳ್ಳುವುದೂ ಬಿಟ್ಟಿಲ್ಲ.

ಸೋಮವಾರ ಬೆಳಿಗ್ಗೆ ಹೊರಡುವ ಮುಂಚೆ ಗಾಡಿಯ ಕೆಳಗೆ ಅವಳು ಹಾಸಿಟ್ಟಿದ್ದ ಪೇಪರ್ ನೋಡಿದೆವು. ಒಂದು ಹನಿ ಎಣ್ಣೆ ಬಿದ್ದಿತ್ತು. ಕೆಳಗಿನ ಎರಡು ಬೋಲ್ಟನ್ನು ಅವಳು ಇನ್ನಷ್ಟು ಬಿಗಿ ಮಾಡಿದಳು. ಅದೇ ಕೊನೆ, ಆಮೇಲೆ ಸೋರಲಿಲ್ಲ. ಒಂಬತ್ತೂಮುಕ್ಕಾಲಿಗೆ ನಾನು ಶಾಲೆಯ ಅಂಗಳದಲ್ಲಿದ್ದೆ. ಹದಿನಾಲ್ಕರಲ್ಲಿ ಹನ್ನೆರಡು ಮಕ್ಕಳು ಬಂದಿದ್ದರು.

ಎರಡು ವಾರದ ಮೇಲೆ ಬ್ರೇಕ್ ನೋಡಿಸಲು ಅಂಕೋಲೆಯ ಮೆಕ್ಯಾನಿಕ್ಕಿನ ಹತ್ತಿರ ಹೋದಾಗ ಅವನು ಕ್ಲಚ್ ಹಿಡಿದು, ಬಿಟ್ಟು, ಓಡಿಸಿ ನೋಡಿದ. ಬಲಬದಿಯ ಮುಚ್ಚಳದ ಮುಂದೆ ಕುಕ್ಕರುಗಾಲಲ್ಲಿ ಕೂತು ಅಂಚಿನ ಸುತ್ತ ಬೆರಳಾಡಿಸಿದ.

"ಯಾವ ಗ್ಯಾರೇಜು ಸರ್ ಇದು?"

"ನಮ್ಮ ಅಕ್ಕ. ಹಣಕೋಣದಲ್ಲಿ ಬಟ್ಟೆ ಹೊಲೀತಾಳೆ."

ಅವನು ನಕ್ಕ. ನಾನು ನಗದಿದ್ದುದನ್ನು ನೋಡಿ ಪುನಃ ಅಂಚಿನ ಕಡೆ ಬಗ್ಗಿದ. ಸಂದಿಯಲ್ಲಿ ಶಾಲೆಯ ಫೈಲಿನ ಹಸಿರು ಗೆರೆ ಕೂದಲೆಳೆಯಷ್ಟು ಕಾಣುತ್ತಿತ್ತು. ಗ್ಯಾಸ್ಕೆಟ್ ಮಾಡಿದ ಕಥೆ ಹೇಳಿದೆ. ಅವನು ಎದ್ದು ಕೈ ಒರೆಸಿಕೊಂಡು, "ಇದ್ನ ಬಿಚ್ಚೂದು ಬೇಡ ಸರ್. ಕಂಪನಿ ಗ್ಯಾಸ್ಕೆಟ್ ತಂದ್ರೂ ಬೇಡ. ಹೀಗೇ ಓಡ್ಲಿ" ಎಂದ.

ಆ ಮಾತನ್ನು ಅಕ್ಕನಿಗೆ ಹೇಳಲು ಅಲ್ಲಿಂದಲೇ ಫೋನ್ ಮಾಡಿದೆ. ಅವಳು ಯಾರದೋ ರವಿಕೆ ಹೊಲಿಯುತ್ತಿದ್ದಳು, ಮಷಿನ್ನಿನ ಸದ್ದು ಕೇಳುತ್ತಿತ್ತು. ಹೇಳಿದ್ದನ್ನೆಲ್ಲ ಕೇಳಿ, ಸದ್ದು ನಿಲ್ಲಿಸಿ, "ಹೌದನಾ" ಎಂದಳು. ಧ್ವನಿಯಲ್ಲಿ ಖುಷಿಯಿತ್ತು. ಆಮೇಲೆ ಕೇಳಿದಳು.

"ತಮಾ, ಆ ಎಡಬದೀದು ಇನ್ನೊಂದು ಮುಚ್ಚಳ ಅದ್ಯಲ್ಲ. ಅದ್ರ ಒಳಗೆ ಎಂತ ಅದೆ, ಅವನ ಹತ್ರ ಒಂಚೂರು ಕೇಳ್ಕಂಡು ಬಾ."